ಹತ್ತು ನಿಮಿಷ ಹಿಂದಿದ್ದ ಸರ್ವರ್

ಸೂರತ್ತಿನ ಸಚಿನ್ ಕೈಗಾರಿಕಾ ಪ್ರದೇಶದಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದಕ್ಕೆ ಹೊಸ ಸಾಫ್ಟ್‌ವೇರ್ ಅಳವಡಿಸಲು ಹೋಗಿದ್ದೆ. ಅದನ್ನು ಕಂಟೇನರ್ ಎಂಬ ಸಾಫ್ಟ್‌ವೇರ್ ಪೊಟ್ಟಣಗಳಲ್ಲಿ ಹಾಕಿ ಮೂರು ಸರ್ವರ್‌ಗಳ ಮೇಲೆ ಒಟ್ಟಿಗೆ ಓಡಿಸಬೇಕಿತ್ತು. ಎರಡು ಸರ್ವರ್ ಒಂದಾದವು, ಮೂರನೆಯದು ಮಾತ್ರ ಸೇರಲು ಒಪ್ಪಲಿಲ್ಲ. ಸಂಜೆಯೊಳಗೆ ಮುಗಿಯದಿದ್ದರೆ ಕೆಲಸ ಬೇರೆಯವರಿಗೆ ಕೊಡುತ್ತೇವೆಂದು ಮ್ಯಾನೇಜರ್ ಹೇಳಿಹೋಗಿದ್ದರು.

ಹಾಜರಾತಿ ನೋಡಿಕೊಳ್ಳುವ ಜ್ಯೋತ್ಸ್ನಾಬೆನ್ ನನ್ನ ಮುಂದೆ ಚಹಾ ಇಟ್ಟು ಮೂರನೆಯ ಸರ್ವರಿನತ್ತ ಬೆರಳು ತೋರಿಸಿದರು. ಆಮೇಲೆ ಹಿಂದಿಯಲ್ಲಿ, "ಭಾಯ್, ಆ ಮಷೀನಿನ ಟೈಮ್ ನೋಡಿದಿರಾ? ನಮ್ಮ ಹಾಜರಾತಿ ಅದರಲ್ಲೇ ಬೀಳೋದು. ಹತ್ತು ನಿಮಿಷ ಹಿಂದಿದೆ" ಎಂದರು.

ನೋಡಿದರೆ ನಿಜ. ಸಮಯ ತಾಳೆಯಾಗದ ಸರ್ವರನ್ನು ಉಳಿದವು ನಂಬುವುದಿಲ್ಲ. ಗೊತ್ತಿದ್ದೂ ನನಗೆ ಹೊಳೆದಿರಲಿಲ್ಲ. ಸರಿಪಡಿಸಿದೆ, ಮೂರೂ ಸೇರಿಕೊಂಡವು.

"ಇದನ್ನು ಇಷ್ಟು ದಿನ ಯಾರಿಗೂ ಹೇಳಲಿಲ್ಲವೇ?" ಎಂದು ಕೇಳಿದೆ.

ಅವರು ನಕ್ಕರು. "ನನ್ನ ಬಸ್ಸು ದಿನಾ ಹತ್ತು ನಿಮಿಷ ಲೇಟು."

ಮರುದಿನ ತಡವಾಗಿ ಬಂದವರ ಪಟ್ಟಿಯಲ್ಲಿ ಮೊದಲ ಹೆಸರೇ ಅವರದು. ಆ ಉಪಕಾರ ನಾನು ಮರೆತಿಲ್ಲ. ತೀರಿಸೋಣವೆಂದರೆ, ಸೂರತ್ತಿನ ಬಸ್ಸನ್ನು ಸಮಯಕ್ಕೆ ತರುವ ವಿದ್ಯೆ ನನಗಿನ್ನೂ ಬಂದಿಲ್ಲ.