ಗುಡುಗಿಗೆ ಕಿತ್ತ ಪ್ಲಗ್

ಮೂರು ವರ್ಷದ ಹಿಂದೆ ನಾನು ಕೊಪ್ಪದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಡೇಟಾ ವಿಭಾಗದ ಮುಖ್ಯಸ್ಥನಾಗಿದ್ದೆ. ಶೃಂಗೇರಿ ಮತ್ತು ನರಸಿಂಹರಾಜಪುರದಲ್ಲಿ ಆಸ್ಪತ್ರೆಯ ಶಾಖೆಗಳಿದ್ದವು. ಮೂರೂ ಕಡೆಯ ಔಷಧಿ ಮಾರಾಟದ ಮಾಹಿತಿ ಸೇರುವ ಡೇಟಾ ವೇರ್‌ಹೌಸ್ ಕಟ್ಟಿದ್ದು ನಮ್ಮ ತಂಡ. ಹಳೆಯ ವ್ಯವಸ್ಥೆ ಒಂದು ಪ್ರಶ್ನೆಗೆ ಅರ್ಧ ದಿನ ತಿನ್ನುತ್ತಿತ್ತು. ಹೊಸದರಲ್ಲಿ ಮಾಹಿತಿಯನ್ನೆಲ್ಲ ಮೊದಲೇ ಸರ್ವರ್‌ನ ಮೆಮೊರಿಗೆ ಏರಿಸಿಟ್ಟಿದ್ದರಿಂದ ಡಿಸ್ಕ್ ತಡಕಾಡುವ ಗೋಜಿರಲಿಲ್ಲ, ಉತ್ತರ ಕ್ಷಣದಲ್ಲಿ ಬರುತ್ತಿತ್ತು. ಮುಖ್ಯ ಸರ್ವರ್ ಕೊಪ್ಪದಲ್ಲಿ, ಅದೇ ಮಾಹಿತಿಯ ಜೋಡಿ ಸರ್ವರ್ ನರಸಿಂಹರಾಜಪುರದಲ್ಲಿ, ನಡುವೆ ಚಾವಣಿಯ ಆಂಟೆನಾಗಳ ಸಂಪರ್ಕ. ಎರಡೂ ಸರ್ವರ್‌ಗಳಿಗೆ ‘ಈ ಪ್ಲಗ್ ಯಾರೂ ಮುಟ್ಟಬಾರದು’ ಎಂದು ಕೆಂಪು ಚೀಟಿ ಅಂಟಿಸಿದ್ದೆ.

ಏಪ್ರಿಲ್‌ನ ಒಂದು ಸಂಜೆ ಡಾಕ್ಟರ್ ಸುಮಾ ಓಡಿ ಬಂದರು. ಸಕ್ಕರೆ ಕಾಯಿಲೆಯ ಮಾತ್ರೆಯ ಒಂದು ಬ್ಯಾಚಿನಲ್ಲಿ ಔಷಧದ ಪ್ರಮಾಣ ವಿಪರೀತ ಹೆಚ್ಚಿತ್ತು. ಶೃಂಗೇರಿಯಲ್ಲಿ ಒಬ್ಬರು ಆಗಲೇ ಪ್ರಜ್ಞೆ ತಪ್ಪಿದ್ದರು.

“ಆ ಬ್ಯಾಚ್ ಯಾರ್ಯಾರ ಮನೆಗೆ ಹೋಗಿದೆ ಹೇಳಿ. ರಾತ್ರಿ ಊಟಕ್ಕೆ ಮೊದ್ಲು ನುಂಗೋ ಮಾತ್ರೆ ಇದು.”

ನಾನು ಪ್ರಶ್ನೆ ಟೈಪ್ ಮಾಡಿ ಎಂಟರ್ ಒತ್ತಿದೆ. ಹೊರಗೆ ಗುಡುಗಿತು. ಪರದೆಯ ಮೇಲೆ ‘ಸಂಪರ್ಕವಿಲ್ಲ’ ಎಂದು ಬಂತು. ಸರ್ವರ್ ಕೋಣೆಗೆ ಓಡಿದರೆ ಕಚೇರಿ ಮೇಲ್ವಿಚಾರಕಿ ನಾಗರತ್ನ ಎಲ್ಲ ಪ್ಲಗ್ ಕಿತ್ತು, ಆಂಟೆನಾದಿಂದ ಇಳಿದ ಕೇಬಲನ್ನೂ ಬಿಚ್ಚಿ, ಸಾವಕಾಶವಾಗಿ ಸುತ್ತಿಡುತ್ತಿದ್ದರು.

“ಎಂತ ಮಾಡಿದ್ರಿ ನಾಗರತ್ನಮ್ಮ?”

“ಗುಡುಗ್ತಲ್ಲ ಸರ್, ತೆಗ್ದೆ.”

ಅಷ್ಟೇ. ಟಿವಿ, ಫ್ರಿಜ್ಜಿನ ಸಾಲಿಗೆ ನನ್ನ ಸರ್ವರನ್ನೂ ಸೇರಿಸಿದ್ದರು. ಕರೆಂಟು ಹೋದರೆ ಮೆಮೊರಿಯಲ್ಲಿದ್ದದ್ದೂ ಹೋಗುತ್ತದೆ. ಡಿಸ್ಕಿನಿಂದ ಮತ್ತೆ ಏರಿಸಲು ಮುಕ್ಕಾಲು ಗಂಟೆ ಬೇಕು. ನರಸಿಂಹರಾಜಪುರದ ಮಂಜುನಾಥನಿಗೆ ಫೋನ್ ಮಾಡಿ, ಅಲ್ಲಿನ ಸರ್ವರ್‌ನಲ್ಲಿ ಹುಡುಕು ಎಂದೆ.

“ಎಲ್ಲಿ ಹುಡ್ಕೋದು ಮಾರಾಯ್ರೆ? ಈಗಷ್ಟೇ ಸಿಡಿಲು ಹೊಡೀತು. ಆಂಟೆನಾ ಕೇಬಲ್‌ನಿಂದ ಬಂದು ಸರ್ವರ್ ಸುಟ್ಟೇ ಹೋಯ್ತು. ಮುಟ್ಬೇಡಿ ಅಂತ ನೀವೇ ಚೀಟಿ ಹಚ್ಚಿದ್ರಲ್ಲ, ನಾವು ಮುಟ್ಲಿಲ್ಲ.”

ಉಳಿದದ್ದು ನಾಗರತ್ನ ಕಿತ್ತಿಟ್ಟ ಯಂತ್ರ ಒಂದೇ. ಗುಡುಗು ದೂರವಾಗುವವರೆಗೆ ಅವರು ಪ್ಲಗ್ ಹಾಕಲು ಬಿಡಲಿಲ್ಲ, ನಾನೂ ವಾದಿಸಲಿಲ್ಲ. ಆಮೇಲೆ ಮುಕ್ಕಾಲು ಗಂಟೆ ಡಾಕ್ಟರ್ ಗೋಡೆಯ ಗಡಿಯಾರ ನೋಡುತ್ತ ನಿಂತರು. ಹೆಸರುಗಳು ಬಂದದ್ದು ಎರಡೇ ಸೆಕೆಂಡಿನಲ್ಲಿ. ಎಲ್ಲರೂ ಒಂದೊಂದು ಫೋನ್ ಹಿಡಿದು ಕೂತೆವು. ನೆಮ್ಮಾರಿನ ಸರೋಜಮ್ಮ ನನ್ನ ಪಾಲಿಗೆ ಬಂದರು.

“ಮಾತ್ರೆ ತಗೊಂಡ್ರಾ ಅಮ್ಮ?”

“ಇಲ್ಲ, ಕೈಯಲ್ಲೇ ಇದೆ. ನೀರು ತಗೊಳ್ಳೋಕೆ ಎದ್ದಿದ್ದೆ. ಎಂತಕ್ಕೆ?”

ನುಂಗಬೇಡಿ, ಪಕ್ಕಕ್ಕಿಡಿ ಎಂದೆ. ಆ ರಾತ್ರಿ ಪಟ್ಟಿಯಲ್ಲಿದ್ದ ಯಾರೂ ಆ ಮಾತ್ರೆ ನುಂಗಲಿಲ್ಲ.

ಉತ್ತರ ಎಷ್ಟು ಬೇಗ ಬರುತ್ತದೆ ಎಂಬುದನ್ನಷ್ಟೇ ನಾವು ವೇಗ ಎನ್ನುತ್ತಿದ್ದೆವು. ಬಿದ್ದ ಯಂತ್ರ ಎಷ್ಟು ಬೇಗ ಏಳುತ್ತದೆ ಎಂಬುದೂ ವೇಗವೇ ಎಂದು ಅಂದು ಕಲಿತೆ. ಮರುದಿನವೇ, ಮೆಮೊರಿಯಲ್ಲಿದ್ದದ್ದನ್ನು ಹಾಗೇ ಡಿಸ್ಕಿಗೆ ಇಳಿಸಿ ಸರ್ವರ್ ಆರಿಸುವ, ಮತ್ತೆ ಬೇಗ ಏಳಿಸಲು ನೆರವಾಗುವ ಗುಂಡಿಯೊಂದನ್ನು ಕೂರಿಸಿ, ಕೆಂಪು ಚೀಟಿ ಕಿತ್ತು ಬೇರೆ ಅಂಟಿಸಿದೆ: ‘ಗುಡುಗಿದರೆ ಮೊದಲು ಈ ಗುಂಡಿ ಒತ್ತಿ, ದೀಪ ಆರಿದ ಮೇಲೆ ಪ್ಲಗ್, ಆಂಟೆನಾ ಕೇಬಲ್ ಎರಡನ್ನೂ ಕೀಳಿ.’ ನಿವೃತ್ತನಾಗುವ ತನಕ, ಮೊದಲ ಗುಡುಗಿಗೆ ನಾಗರತ್ನರ ಜೊತೆ ನಾನೂ ಏಳುತ್ತಿದ್ದೆ.