ಹುಳಕ್ಕೆ ಜ್ವರ, ಹುಡುಗಿಗೆ ಪರೀಕ್ಷೆ

ನಮ್ಮ ಬೋರ್ಡ್ ಶಾಲೆಯಲ್ಲಿ ಯಾರು ಎಲ್ಲಿಯವರೆಂದು ತಿಳಿಯಲು ಯಾರನ್ನೂ ಕೇಳಬೇಕಿರಲಿಲ್ಲ, ಗೆಳೆಯರೆ. ಮಧ್ಯಾಹ್ನದ ಗಂಟೆ ಹೊಡೆದು ಬುತ್ತಿ ಬಿಚ್ಚಿಕೊಂಡರೆ ಸಾಕಿತ್ತು. ಹನೂರು ದಾರಿಯ ಹಳ್ಳಿಗಳ ಮಕ್ಕಳದು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿದ ರಾಗಿರೊಟ್ಟಿ, ಜೊತೆಗೆ ಹುರುಳಿ ಚಟ್ನಿ. ಕಚೇರಿಯ ಗುಮಾಸ್ತರ ಮಕ್ಕಳದು ಹಿತ್ತಾಳೆ ಡಬ್ಬಿಯ ಮೊಸರನ್ನ ಮತ್ತು ತಮಿಳು ಮಾತು. ಪೇಟೆಯ ನೇಕಾರರ ಮಕ್ಕಳು ಮನೆಗೇ ಓಡಿ, ಉಂಡ ಕೈಯಲ್ಲೇ ಅಪ್ಪನ ಮಗ್ಗಕ್ಕೆ ಒಂದಿಷ್ಟು ನೂಲು ಸುತ್ತಿಕೊಟ್ಟು, ಬೆರಳಿಗೆ ಬಣ್ಣ ಮೆತ್ತಿಕೊಂಡು ಮರಳುವವರು. ನಮ್ಮೂರು ಕೊಳ್ಳೇಗಾಲ ಆಗ ಮದರಾಸಿಗೆ ಸೇರಿತ್ತು, ಪಕ್ಕದ ಯಳಂದೂರು ಮೈಸೂರಿಗೆ. ಅಲ್ಲಿದ್ದ ನನ್ನ ಸೋದರಮಾವನ ಮಕ್ಕಳಿಗೆ ಪಾಠವೂ ಬೇರೆ, ಪರೀಕ್ಷೆಯೂ ಬೇರೆ, ಬೈಗುಳ ಮಾತ್ರ ಒಂದೇ.

ಹೆಣ್ಣುಮಕ್ಕಳಿಗೆ ಇದ್ದದ್ದು ಬಾಗಿಲ ಪಕ್ಕದ ಒಂದೇ ಬೆಂಚು. ಎಂಟನೆಯ ತರಗತಿಯ ಹೊತ್ತಿಗೆ ಅದರಲ್ಲಿ ಉಳಿದವರು ರೇಷ್ಮೆ ಅಂಗಡಿಯ ಗುಮಾಸ್ತರ ಮಗಳಾದ ನಾನು, ಮತ್ತು ಹಳ್ಳಿಯಿಂದ ನಡೆದು ಬರುತ್ತಿದ್ದ ಮಾದೇವಿ. ಮಿಕ್ಕವರನ್ನು ಶಾಲೆ ಬಿಡಿಸಿದ್ದು ಲೆಕ್ಕವಲ್ಲ, ಲಗ್ನ.

ಮಾದೇವಿಯ ಅಪ್ಪ ರೇಷ್ಮೆಹುಳು ಸಾಕುತ್ತಿದ್ದ. ಹುಳು ಮೇವು ಬಿಟ್ಟು ಪೊರೆ ಕಳಚುವುದನ್ನು ನಮ್ಮ ಕಡೆ ಜ್ವರವೆನ್ನುತ್ತಾರೆ. ಕೊನೆಯ ಜ್ವರದಿಂದ ಎದ್ದ ಹುಳು ಹಗಲಿರುಳು ಸೊಪ್ಪು ಮೇಯುತ್ತದೆ, ಮನೆಯವರೆಲ್ಲ ಸೊಪ್ಪಿನ ಹಿಂದೆ ಓಡಬೇಕು. ಆಗೆಲ್ಲ ಮಾದೇವಿ ಶಾಲೆಗೆ ಇಲ್ಲ. ಮರಳಿ ಬಂದಾಗ ಕನ್ನಡ ಮೇಷ್ಟ್ರು ಕಾರಣ ಕೇಳಿದರೆ "ಜ್ವರ ಸಾ" ಎನ್ನುವಳು. "ಯಾರಿಗೆ?" "ಹುಳಕ್ಕೆ ಸಾ." ತರಗತಿಯೆಲ್ಲ ನಗುತ್ತಿತ್ತು. ಆದರೆ ಆ ದಿನಗಳಲ್ಲಿ ತಪ್ಪಿದ ಇಂಗ್ಲಿಷ್ ಪಾಠ ಮಾತ್ರ ಅವಳ ಕೈಗೆ ಮತ್ತೆ ಸಿಗುತ್ತಿರಲಿಲ್ಲ.

ನಮ್ಮ ಹೆಡ್‌ಮಾಸ್ಟರು ಕೊಯಮತ್ತೂರಿನ ಕಡೆಯವರು, ಕೆಟ್ಟವರಲ್ಲ. ಆ ವರ್ಷ ಇನ್ಸ್‌ಪೆಕ್ಟರು ಬಂದು, ಎಂಟನೆಯ ತರಗತಿಯ ಸರ್ಕಾರಿ ಪರೀಕ್ಷೆಯಲ್ಲಿ ಶಾಲೆಯ ಪರ್ಸೆಂಟೇಜು ಏರದಿದ್ದರೆ ನಿಮ್ಮ ವರ್ಗಾವಣೆ ಖಂಡಿತವೆಂದು ಎಲ್ಲರೆದುರೇ ಹೇಳಿ ಹೋಗಿದ್ದರು. ಹೆಡ್‌ಮಾಸ್ಟರು ಸುಲಭದ ದಾರಿ ಹಿಡಿದರು: ತೀರ ಹಿಂದುಳಿದವರನ್ನು ತಡೆಯುವುದು ಹಿಂದಿನಿಂದಲೂ ಇತ್ತು, ಈ ಸಲ ಪಾಸಾಗುವುದು ಖಚಿತವಾದವರನ್ನಷ್ಟೇ ಪರೀಕ್ಷೆಗೆ ಕಳಿಸುವುದು. ತರಗತಿಗೆ ಬಂದು ಹೆಸರು ಹೇಳಿದರು. ನೇಕಾರರ ಮಕ್ಕಳಲ್ಲಿ ಹಲವರ ಹೆಸರು ಬಿಟ್ಟುಹೋಗಿತ್ತು, ಹಳ್ಳಿಯವರದು ಮುಕ್ಕಾಲು ಪಾಲು. ನನ್ನ ಹೆಸರಿತ್ತು, ಮಾದೇವಿಯದಿರಲಿಲ್ಲ.

ಅವಳು ಅಳಲಿಲ್ಲ. "ಅಪ್ಪ ಪರೀಕ್ಸೆ ಮುಗಿಯೋಗಂಟ ಸುಮ್ಕಿರ್ತೀನಿ ಅಂದಿದ್ದ. ಪರೀಕ್ಸೇನೇ ಇಲ್ಲ ಅಂದ್ರೆ ಈ ಬ್ಯಾಸ್ಗೆಗೇ ಮಾವನ್ಗೆ ಕಟ್ಬುಡ್ತನೆ ಕಣೇ" ಎಂದಳು. ಮಾವ ಅಂದರೆ ಅವಳ ತಾಯಿಯ ತಮ್ಮ. ಹೆಂಡತಿ ಸತ್ತು, ಮಗುವೊಂದನ್ನು ಇಟ್ಟುಕೊಂಡು ಕೂತಿದ್ದ.

ಮರುದಿನ ಅವಳ ಅಜ್ಜಿ ಶಾಲೆಯ ಜಗಲಿಗೆ ಬಂದು ಕಂಬಕ್ಕೊರಗಿ ನಿಂತಳು. ಹೆಡ್‌ಮಾಸ್ಟರು ಹೊರಬಂದರು. ನಾವೆಲ್ಲ ಕಿಟಕಿಗೆ ಮುಗಿಬಿದ್ದೆವು.

"ಪಾಟಿ, ನಿಮ್ಮ ಹುಡುಗಿ ಫೇಲಾಗ್ತಾಳೆ," ಎಂದರು ಅವರು. ಅವರ ತಮಿಳಿನಲ್ಲಿ ಅಜ್ಜಿಯರೆಲ್ಲ ಪಾಟಿ.

"ಆಗ್ಲಿ ಬುಡಿ ಸಾ. ಪೇಲಾದ್ರೆ ಪರೀಕ್ಸೆ ಮುಗಿನಿಲ್ಲ ಅಂತ ಅವ್ರಪ್ಪನ್ಗೆ ಏಳ್ತೀನಿ, ಇನ್ನೊಂದ್ ವರ್ಸ ಓದ್ತಳೆ. ನೀವು ಕಳಿಸ್ನಿಲ್ಲ ಅಂದ್ರೆ ಈ ಬ್ಯಾಸ್ಗೆಗೇ ಅವ್ಳ ಮಾವನ್ಗೆ ಕಟ್ಬುಡ್ತನೆ, ನಾನೇನಂತ ಏಳ್ಲಿ?"

ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿಕೊಂಡು ಒಳಗೆ ಹೋದರು. ಮರುದಿನ ಪ್ರಾರ್ಥನೆಯಾದ ಮೇಲೆ ಎಂಟನೆಯ ತರಗತಿಯವರೆಲ್ಲ ಪರೀಕ್ಷೆ ಬರೆಯಬೇಕೆಂದರು. ಕನ್ನಡ ಮೇಷ್ಟ್ರು ಗಾಬರಿಯಾಗಿ "ಸಾರ್, ಪರ್ಸೆಂಟೇಜು?" ಎಂದು ಪಿಸುಗುಟ್ಟಿದ್ದು ಮುಂದಿನ ಸಾಲಿನಲ್ಲಿದ್ದ ನನಗೆ ಕೇಳಿಸಿತು. ಅವರೆಂದರು: "ಪರ್ಸೆಂಟೇಜನ್ನ ಯಾರೂ ಮಾವನಿಗೆ ಕಟ್ಟೋದಿಲ್ಲಪ್ಪ."

ಫಲಿತಾಂಶ ಬಂತು. ಅದರ ವಿಚಿತ್ರವನ್ನು ನಾನು ಇಂದಿಗೂ ಯೋಚಿಸುತ್ತಿರುತ್ತೇನೆ. ನಮ್ಮ ಶಾಲೆಯಿಂದ ಅಷ್ಟು ಮಕ್ಕಳು ಹಿಂದೆಂದೂ ಪಾಸಾಗಿರಲಿಲ್ಲ. ಬೆರಳಿಗೆ ಬಣ್ಣ ಮೆತ್ತಿಕೊಂಡವರಲ್ಲಿ, ರೊಟ್ಟಿಯ ಗಂಟಿನವರಲ್ಲಿ ಯಾರನ್ನು ತಡೆದು ನಿಲ್ಲಿಸಬೇಕೆಂದಿದ್ದರೋ ಅವರಲ್ಲೇ ಹಲವರು ದಾಟಿಬಿಟ್ಟಿದ್ದರು. ಆದರೆ ಬರೆದವರ ಸಂಖ್ಯೆ ಪಾಸಾದವರ ಸಂಖ್ಯೆಗಿಂತಲೂ ಹೆಚ್ಚು ಏರಿದ್ದರಿಂದ ಪರ್ಸೆಂಟೇಜು ಹಿಂದೆಂದೂ ಇಲ್ಲದಷ್ಟು ಕುಸಿದಿತ್ತು. ಒಂದೇ ಫಲಿತಾಂಶವನ್ನು ಊರು ಹಬ್ಬದಂತೆ ಕಂಡರೆ ಇಲಾಖೆ ಅಪರಾಧದಂತೆ ಕಂಡಿತು, ಇಬ್ಬರ ಲೆಕ್ಕವೂ ಸರಿಯಾಗಿಯೇ ಇತ್ತು. ಶೇಕಡಾ ಎಂಬುದು ನೂರರಲ್ಲಿ ಎಷ್ಟು ಎಂದು ಹೇಳುತ್ತದೆಯೇ ಹೊರತು, ಆ ನೂರರೊಳಗೆ ಯಾರನ್ನು ಬಿಟ್ಟುಕೊಂಡೆವು, ಯಾರನ್ನು ಬಾಗಿಲಲ್ಲೇ ನಿಲ್ಲಿಸಿದೆವು ಎಂದು ಹೇಳುವುದಿಲ್ಲವಲ್ಲ. ಹೆಡ್‌ಮಾಸ್ಟರಿಗೆ ವರ್ಗವಾಯಿತು.

ಮಾದೇವಿ ಇಂಗ್ಲಿಷಿನಲ್ಲಿ ಫೇಲಾಗಿದ್ದಳು.

ಹೆಡ್‌ಮಾಸ್ಟರು ಸಾಮಾನು ಕಟ್ಟಿಸುತ್ತಿದ್ದ ದಿನ ಅಜ್ಜಿ ಮತ್ತೆ ಬಂದಳು, ಸೆರಗಿನಲ್ಲಿ ಬೆಲ್ಲದ ಅಚ್ಚು. ಮುದುಕಿಗೆ ವಿಷಯ ಗೊತ್ತಿಲ್ಲವೆಂದುಕೊಂಡು ಅವರು ಸಂಕೋಚದಿಂದ, "ಪಾಟಿ, ಹುಡುಗಿ ಪಾಸಾಗಲಿಲ್ಲ," ಎಂದರು.

"ಗೊತ್ತು ಸಾ. ಅದ್ಕೇ ತಂದೆ. ಒಂದ್ ವರ್ಸ ಸಿಕ್ತಲ್ಲ, ತಕಳಿ."

ಅವರು ಅಲ್ಲೇ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ಉಳಿದದ್ದನ್ನು ಟವಲಿನಲ್ಲಿ ಸುತ್ತಿ ಪೆಟ್ಟಿಗೆಯೊಳಗಿಟ್ಟರು.

ಹೊಸ ಹೆಡ್‌ಮಾಸ್ಟರು ಬಂದು ಮತ್ತೆ ಆರಿಸಿ ಕಳಿಸುವ ಪದ್ಧತಿ ತಂದರು, ಪರ್ಸೆಂಟೇಜು ಏರಿತು. ಆದರೆ ಒಮ್ಮೆ ಪರೀಕ್ಷೆಗೆ ಕೂತವರು ಶಾಲೆಯ ಹಂಗಿಲ್ಲದೆ ಮತ್ತೆ ಕೂರಬಹುದಿತ್ತು. ಸಂಜೆಗಳಲ್ಲಿ ಮಾದೇವಿ ನಮ್ಮ ಮನೆಯ ಪಡಸಾಲೆಯಲ್ಲಿ ನನ್ನೊಡನೆ ಇಂಗ್ಲಿಷ್ ಓದಿ, ಮರುವರ್ಷ ಬರೆದು ಪಾಸಾದಳು. ಅಷ್ಟರಲ್ಲಿ ಮಾವನಿಗೆ ಬೇರೆ ಹೆಣ್ಣು ಗೊತ್ತಾಗಿತ್ತು. ಇವಳು ತರಬೇತಿ ಮುಗಿಸಿ ಹನೂರಿನ ಕಡೆ ಉಪಾಧ್ಯಾಯಿನಿಯಾದಳು.

ಮದುವೆಯೂ ಆಯಿತು, ತಡವಾಗಿ, ತಾನೇ ನೋಡಿ ಹೂಂ ಅಂದವನ ಜೊತೆ. ನಾನು ಹೋಗಿದ್ದೆ. ಗಂಡಿನ ಕಡೆಯ ಹೆಂಗಸೊಬ್ಬಳು ಹುಡುಗಿ ಎಲ್ಲಿವರೆಗೆ ಓದಿದ್ದಾಳೆಂದು ಕೇಳಿದಳು. ಚಪ್ಪರದ ಕೆಳಗೆ ಕೂತಿದ್ದ ಅಜ್ಜಿ, ಕಣ್ಣು ಅಷ್ಟಾಗಿ ಕಾಣದಿದ್ದರೂ, ದನಿ ಬಂದ ಕಡೆಗೆ ತಿರುಗಿ ಬೆನ್ನು ನೆಟ್ಟಗೆ ಮಾಡಿಕೊಂಡಳು.

"ನಿಮ್ಮೂರಲ್ಲಿ ಎಂಟ್ನೇ ಕ್ಲಾಸ್ನ ಎಲ್ರೂ ಒಂದೇ ಸತಿ ಓದೋದು ಕಣ್ರಿ," ಎಂದಳು. "ನಮ್ಮುಡ್ಗಿ ಎಲ್ಡ್ ಸತಿ ಓದವ್ಳೆ!"