ಮೆಹರ್‌ಳ ವಿಷಯ ತಪ್ಪಿಸಿದವಳು

ಮೆಹರ್, ನಿನ್ನ ಪಿಎಚ್.ಡಿ. ವಿಷಯವನ್ನು ತಪ್ಪಿಸಿದ್ದು ಮಾರ್ಗದರ್ಶಕರಾಗಿದ್ದ ನಮ್ಮ ಸರ್ ಅಲ್ಲ — ನಾನು. ಅವರು ಇರುವವರೆಗೆ ನೀನು ಅವರನ್ನು ಬೈದುಕೊಂಡೆ. ಅವರು ತೀರಿಕೊಂಡ ಮೇಲೆ ನಿನ್ನನ್ನು ನೀನೇ ಬೈದುಕೊಂಡೆ. ಎರಡೂ ಸಲ ನಾನು ನಿನ್ನ ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದೆ.

ಬಾಗಲಕೋಟೆಯ ಆ ಸಂಶೋಧನಾ ಕೇಂದ್ರದಲ್ಲಿ ಹೆಣ್ಣುಮಕ್ಕಳೆಂದರೆ ನಾವಿಬ್ಬರೇ. ನಾನು ಬಾದಾಮಿಯ ಮಾಸ್ತರರ ಮಗಳು, ನೀನು ಇಳಕಲ್ಲಿನ ನೇಕಾರರ ಮನೆಯವಳು. ನಾನು ದಿನಕ್ಕೊಂದು ವಿಷಯ ಹಿಡಿದು ಬಿಡುತ್ತಿದ್ದೆ. ನೀನು ಬರುವಾಗಲೇ ನಿನ್ನ ವಿಷಯವನ್ನು ಜೊತೆಗೆ ತಂದಿದ್ದೆ. ಇಳಕಲ್ ಸೀರೆಯ ಒಡಲಿನ ಹಾಸು, ಅಂದರೆ ಮಗ್ಗಕ್ಕೆ ಕಟ್ಟುವ ಉದ್ದೆಳೆ ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ನಿಮ್ಮ ಓಣಿಯಲ್ಲಿ ಅದು ಹೆಣ್ಣುಮಕ್ಕಳ ಕೆಲಸ. ಒಮ್ಮೆ ಬನಶಂಕರಿಯ ಗುಡಿಯ ಬಳಿ, ಊಟ ಮಾರುವ ಚೊಳಚಗುಡ್ಡದ ಅಜ್ಜಿಯ ಬುಟ್ಟಿಯಿಂದ ರೊಟ್ಟಿ, ಕೆಂಪು ಚಟ್ನಿ, ಗಡಿಗೆ ಮೊಸರು ಹಾಕಿಸಿಕೊಂಡು ಮರದ ಕೆಳಗೆ ಕೂತಿದ್ದಾಗ ನೀನು ಹೇಳಿದೆ:

"ವಸೂ, ಸೀರಿ ಬಗ್ಗೆ ಬರಿಯೋ ಮಂದಿ ಭಾಳ ಬಂದು ಹೋಗ್ಯಾರ. ಕೊಂಡಿ ಹಾಕೋ ಹೆಣ್ಮಕ್ಕಳನ್ನ ಯಾರೂ ಮಾತಾಡ್ಸಿಲ್ಲ ನೋಡು. ನಮ್ಮವ್ವನ ತಂಗಿ, ನಮ್ಮ ಖಾಲಾನಿಂದ ಸುರು ಮಾಡ್ತೇನಿ."

ಎಷ್ಟು ಖುಷಿಯಿಂದ ಹೇಳಿದ್ದೆ! ನನಗೆ ಮಾತ್ರ ನನ್ನದೇ ಚಿಂತೆ. ಅಷ್ಟರಲ್ಲಿ ನಾನೂ ಒಂದು ವಿಷಯ ಗಟ್ಟಿ ಮಾಡಿಕೊಂಡಿದ್ದೆ — ಶಾಸನಗಳಲ್ಲಿ ದಾನ ಕೊಟ್ಟ ಹೆಣ್ಣುಮಕ್ಕಳು. ಆ ಶಾಸನಗಳಿರುವುದು ಊರಾಚೆ, ಹೊಲದ ನಡುವಿನ ಪಾಳು ಗುಡಿಗಳಲ್ಲಿ. ಅಪ್ಪ ಒಂದೇ ಮಾತಿನಲ್ಲಿ ಮುಗಿಸಿದ್ದರು: "ಮೆಹರ್ ಜೋಡಿ ಇದ್ರ ಹೋಗು. ಒಬ್ಬಾಕಿನ ಅಡ್ಡಾಡೂದು ನಡಿಯಂಗಿಲ್ಲ." ನೀನು ಇಳಕಲ್ಲಿನಲ್ಲಿ ಖಾಲಾನ ಮುಂದೆ ಕೂತರೆ ನನ್ನ ಸಂಶೋಧನೆ ನಮ್ಮ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ.

ಆ ವಾರವೇ ಸರ್ ನನ್ನೊಬ್ಬಳನ್ನೇ ಕರೆದು ಕೇಳಿದರು. "ಮೆಹರುನ್ನೀಸಾ ಆ ಕೊಂಡಿ ವಿಷಯ ಮಾಡ್ತೇನಿ ಅಂತಾಳಲ್ಲವಾ. ಖರೇನ ಮನಸೈತೋ, ಸುಮ್ನ ಅಂತಾಳೋ?"

"ಸುಮ್ನ ಅಂತಾಳ್ರಿ ಸರ್. ಅಕಿ ಮನಸು ಶಾಸನದ ಮ್ಯಾಲೈತ್ರಿ. ನಿಮ್ಮ ಮುಂದ ಹೇಳಾಕ ಅಂಜ್ತಾಳ."

ಇಷ್ಟೇ. ಉಸಿರು ತೆಗೆದುಕೊಳ್ಳುವಷ್ಟೂ ಹೊತ್ತು ಹಿಡಿಯಲಿಲ್ಲ. ಸರ್ ನಿನ್ನ ಮೇಲಿನ ಅಕ್ಕರೆಯಿಂದಲೇ ನಿನಗೆ ಹುನಗುಂದ ಸೀಮೆಯ ಶಾಸನಗಳನ್ನು ಕೊಟ್ಟರು. ನೀನು ಹೊರಗೆ ಬಂದು, "ಕೊಂಡಿ ಬ್ಯಾಡಂತ, ವಸೂ" ಅಂದೆ. ನಾನು ನಿನ್ನ ಹೆಗಲ ಮೇಲೆ ಕೈ ಹಾಕಿ ಸಮಾಧಾನ ಮಾಡಿದೆ.

ಆಮೇಲಿನ ದಿನಗಳು — ಹೇಳಲಿಕ್ಕೆ ನಾಚಿಕೆ, ಆದರೂ ಹೇಳುತ್ತೇನೆ — ನನ್ನ ಬದುಕಿನಲ್ಲೇ ಸುಖದ ದಿನಗಳು. ಹುನಗುಂದದ ಬಸ್ಸಿನಲ್ಲಿ ಕಿಟಕಿಯ ಸೀಟಿಗೆ ನಮ್ಮ ಜಗಳ. ಶಿರೂರಿನ ಹೊಲದಲ್ಲಿ ಯಾರೋ ಕಿತ್ತುಕೊಟ್ಟ ಹಸಿ ಕಡಲೆಯನ್ನು ದಾರಿಯುದ್ದಕ್ಕೂ ಸುಲಿದು ತಿಂದದ್ದು. ನೀನು ನೀರು ಹಾಕಿ ಕಲ್ಲು ತೊಳೆಯುತ್ತಿದ್ದೆ, ನಾನು ಒದ್ದೆ ಕಾಗದ ಒತ್ತಿ ಅಕ್ಷರದ ಪಡಿಯಚ್ಚು ತೆಗೆಯುತ್ತಿದ್ದೆ. ಮಸಿ ಮೆತ್ತಿದ ನನ್ನ ಮೂಗು ನೋಡಿ ನೀನು "ವಸುಧಾಬಾಯಿ, ಈಗ ಶಾಸನ ನಿನ್ನ ಮಾರೀ ಮ್ಯಾಲೈತಿ" ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಆ ನಗು ಇವತ್ತಿಗೂ ಬೇಕು ಅನಿಸುತ್ತದೆ. ಅದನ್ನು ಪಡೆದ ರೀತಿ ನೆನಪಾದರೆ —

ಉರ್ದು ಸಾಲೆಯಲ್ಲಿ ಕಲಿತ ನಿನಗೆ ಆ ಹಳೆಯ ಕನ್ನಡ ಅಕ್ಷರ ಹತ್ತಲೇ ಇಲ್ಲ. "ಈ ಕಲ್ಲು ನನ್ನ ಸಂಗಾಟ ಮಾತಾಡವಲ್ದು" ಎಂದು ಮೊದಮೊದಲು ನಗುತ್ತಾ ಹೇಳುತ್ತಿದ್ದೆ, ಆಮೇಲೆ ನಗದೆ. ಪ್ರಗತಿ ವರದಿಯ ದಿನ ಎಲ್ಲರೆದುರು ತಡವರಿಸಿದೆ, ಮರುದಿನದಿಂದ ಕೇಂದ್ರಕ್ಕೇ ಬರಲಿಲ್ಲ; ನಿನ್ನ ಪಿಎಚ್.ಡಿ. ಅಲ್ಲಿಗೇ ನಿಂತಿತು. ನನ್ನ ತಿರುಗಾಟ ಅಷ್ಟರಲ್ಲಿ ಮುಗಿದಿತ್ತು. ನನ್ನ ಮಹಾಪ್ರಬಂಧದ ಮೊದಲ ಪುಟದಲ್ಲಿ ನಿನಗೆ ಕೃತಜ್ಞತೆ ಬರೆದೆ, ನೀನು ಅದನ್ನು ಓದಿ ಅತ್ತೆ. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ನಿನ್ನ ಖಾಲಾ ಈಗಿಲ್ಲ. ಅವರನ್ನು ಕೂರಿಸಿ ಕೇಳಬೇಕಾದ್ದನ್ನು ಯಾರೂ ಕೇಳಲಿಲ್ಲ.

ಹೋದ ವಾರ ನಿನ್ನ ತಂಗಿಯ ಮಗಳು ಸಾನಿಯಾಳನ್ನು ನನ್ನ ಬಳಿ ಕರೆತಂದೆ — ಈಗ ನಾನೂ ಮಾರ್ಗದರ್ಶಕಿಯಲ್ಲವೇ! "ಇಕಿಗೆ ವಿಷಯ ನೀನ ಆರಿಸಿಕೊಡು, ವಸೂ. ನನಗ ಆರಿಸಾಕ ಬರಲಿಲ್ಲ. ಇಕಿ ನನ್ನಂಗ ಆಗೂದು ಬ್ಯಾಡ" ಅಂದೆ. ನಾನು "ನೋಡೋಣ" ಅಂದೆ. ನಿನಗೆ ಆರಿಸಲಿಕ್ಕೇ ಬರುವುದಿಲ್ಲ ಎಂದು ನೀನು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೀಯೆಂದು ಆ ಕ್ಷಣದವರೆಗೆ ನನಗೆ ಗೊತ್ತಿರಲಿಲ್ಲ.

ನಿನಗೆ ಆರಿಸಲು ಬಂದಿತ್ತು, ಮೆಹರ್. ಎಲ್ಲರಿಗಿಂತ ಮೊದಲು ಬಂದಿತ್ತು. ಅಪ್ಪನ ಮಾತು, ನನ್ನ ಭಯ — ಇವೆಲ್ಲ ಕಾರಣಗಳು, ನಿಜ. ಆದರೆ ಸುಳ್ಳು ಹೇಳು ಎಂದು ಅಪ್ಪ ನನಗೆ ಹೇಳಿರಲಿಲ್ಲ. ಕ್ಷಮಿಸು ಎಂದೂ ಕೇಳುವುದಿಲ್ಲ. ನಿನ್ನಿಂದ ತೆಗೆದುಕೊಂಡದ್ದೇ ಸಾಕು.

ಇದನ್ನು ಈಗಲೇ ನಿನ್ನ ಫೋನಿಗೆ ಕಳಿಸುತ್ತೇನೆ. ನಾಳೆ ಬೆಳಗಿನ ಬಸ್ಸಿಗೆ ಇಳಕಲ್ಲಿಗೆ ಬರುತ್ತೇನೆ. ಸಾನಿಯಾಳನ್ನೂ ಪಕ್ಕದಲ್ಲಿ ಕೂರಿಸಿಕೋ. ಅವಳ ಎದುರಿಗೇ ಇದನ್ನೆಲ್ಲ ಇನ್ನೊಮ್ಮೆ ಹೇಳುತ್ತೇನೆ. ಕೇಳಿದ ಮೇಲೆ ಅವಳು ಬೇರೆ ಮಾರ್ಗದರ್ಶಕರನ್ನು ಆರಿಸಿಕೊಂಡರೆ, ಅದಕ್ಕೆ ನಾನೇ ಸಹಿ ಹಾಕಿಕೊಡುತ್ತೇನೆ.